ನಾಲ್ಕೂವರೆಯೊಳಗೆ ಮುಗಿಯಬೇಕಾದ ಮ್ಯಾಚು

ಕಿಟ್ಟಿಯ ಭಾನುವಾರ ಹಾಳಾಗಿದ್ದು ಒಂದೇ ಒಂದು ಸಂಖ್ಯೆಯಿಂದ. ಆ ಸಂಖ್ಯೆಯನ್ನು ಯಾರೂ ಅವನ ಕತ್ತು ಹಿಸುಕಿ ಹೇಳಿಸಿರಲಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟವನು, ಬಿಳೇಕಹಳ್ಳಿಯ ತಮ್ಮ ಬಡಾವಣೆಯ ಟೆನಿಸ್ ಅಂಗಳದ ಗೇಟಿನಲ್ಲಿ ನಿಂತಿದ್ದ ಮನೆ ಮಾಲೀಕ ಚಿಕ್ಕಬೈರಪ್ಪನವರಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ, ನಿಂತ.

"ಈ ಟೆನ್ನಿಸ್ ಮ್ಯಾಚು ಎಷ್ಟೊತ್ತು ನಡೀತದೆ ಕಿಟ್ಟಿಯವ್ರೇ?" ಎಂದು ಕೇಳಿದರು ಚಿಕ್ಕಬೈರಪ್ಪ. ಬಡಾವಣೆಯ ಸಂಘದ ವಾರ್ಷಿಕ ಟೆನಿಸ್ ಪಂದ್ಯಾವಳಿಯ ಫೈನಲ್ ಅಂದು ಮಧ್ಯಾಹ್ನ ಇತ್ತು. ಅದರಲ್ಲಿ ಆಡುತ್ತಿದ್ದ ಇಬ್ಬರಲ್ಲಿ ಒಬ್ಬರು ಅವರೇ.

ಈ ಪ್ರಶ್ನೆಗೆ ಇರುವ ಪ್ರಾಮಾಣಿಕ ಉತ್ತರವೆಂದರೆ "ಹೇಳಕ್ಕಾಗಲ್ಲ" ಎಂಬುದು. ಫುಟ್‌ಬಾಲಿಗೆ ತೊಂಬತ್ತು ನಿಮಿಷ, ಕಬಡ್ಡಿಗೆ ನಲವತ್ತು ನಿಮಿಷ, ಕ್ರಿಕೆಟ್ಟಿಗೆ ಓವರುಗಳ ಲೆಕ್ಕ. ಟೆನಿಸ್‌ಗೆ ಮಾತ್ರ ಗಡಿಯಾರವೇ ಇಲ್ಲ. ಯಾರಾದರೊಬ್ಬರು ಗೆಲ್ಲುವ ತನಕ ಅದು ನಡೆಯುತ್ತಲೇ ಇರುತ್ತದೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳದ ಹಾಗೆ. ಆದರೆ ಕಿಟ್ಟಿ, ಅಂದರೆ ಕೃಷ್ಣಮೂರ್ತಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಇಪ್ಪತ್ತೆರಡು ವರ್ಷದಿಂದ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಮಾತ್ರೆಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದವನು. ಕೇಳಿದ್ದಕ್ಕೆ ಸಂಖ್ಯೆ ಕೊಡದಿದ್ದರೆ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ.

"ಒಂದು ಪಾಯಿಂಟಿಗೆ ಸರಾಸರಿ ನಲವತ್ತು ಸೆಕೆಂಡು ಸಾರ್," ಎಂದು ಶುರುಮಾಡಿದ. "ಗೇಮಿಗೆ ಆರು ಪಾಯಿಂಟು ಅಂತ ಇಟ್ಕೊಳ್ಳಿ, ನಾಲ್ಕು ನಿಮಿಷ ಆಯ್ತು. ಸೆಟ್ಟಿಗೆ ಹತ್ತು ಗೇಮು, ನಲವತ್ತು ನಿಮಿಷ. ಎರಡು ಸೆಟ್ಟು ಗೆದ್ದೋರು ಗೆದ್ದ ಹಾಗೆ. ಅಲ್ಲಿಗೆ ಎಂಬತ್ತು. ಮಧ್ಯೆ ಬೆವರು ಒರೆಸ್ಕೊಳ್ಳೋಕೆ, ನೀರು ಕುಡಿಯೋಕೆ ಇಪ್ಪತ್ತು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ."

"ಖಾತ್ರಿನಾ?"

"ಐದು ನಿಮಿಷ ಆಚೆ ಈಚೆ ಸಾರ್."

ಚಿಕ್ಕಬೈರಪ್ಪ ಬೆರಳು ಮಡಿಸಿದರು. "ಎರಡಕ್ಕೆ ಶುರು, ಮೂರೂ ನಲವತ್ತಕ್ಕೆ ಮುಗೀತು. ಭಾನುವಾರ ರಾಹುಕಾಲ ಬರೋದು ನಾಲ್ಕೂವರೆಗೆ. ಐವತ್ತು ನಿಮಿಷ ಕೈಯಾಗೈತೆ. ಹಂಗಾದ್ರೆ ನಿಮ್ಮನೆ ಬಾಡಿಗೆ ಅಗ್ರಿಮೆಂಟು ಈಗ ಒಂಬತ್ತಕ್ಕೆ ಬ್ಯಾಡ, ಮ್ಯಾಚು ಮುಗಿದ್ಮ್ಯಾಕೆ ಇಲ್ಲೇ ಸೈನ್ ಹಾಕಿಬಿಡ್ತೀನಿ. ನಂಗೂ ಬೆಳಿಗ್ಗೆ ಪ್ರಾಕ್ಟೀಸ್ ಮಾಡ್ಬೇಕು." ಇಷ್ಟು ಹೇಳಿ, ಕೃತಜ್ಞತೆಯಿಂದ ಅವನ ಬೆನ್ನು ತಟ್ಟಿದರು. "ಇಷ್ಟೆಲ್ಲ ರೂಲ್ಸು ಗೊತ್ತಿರೋ ಮನುಷ್ಯನ್ನ ಬಿಟ್ಟು ಇನ್ಯಾರನ್ನೋ ಅಂಪೈರ್ ಮಾಡವ್ರಲ್ಲ! ನೀವೇ ಕೂತ್ಕೊಳ್ಳಿ."

ಹಾಲಿನ ಪ್ಯಾಕೆಟ್ಟಿನ ಜೊತೆ ಈ ಸುದ್ದಿಯನ್ನೂ ಕಿಟ್ಟಿ ಮನೆಗೆ ತಂದ. ಹೆಂಡತಿ ಪಂಕಜಾ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು.

"ಒಂಬತ್ತು ಗಂಟೆಗೆ ಸೈನ್ ಹಾಕ್ತೀನಿ ಅಂದಿದ್ದ ಮನುಷ್ಯನ್ನ ನಾಲ್ಕು ಗಂಟೆಗೆ ಕಳಿಸಿ ಬಂದ್ರಾ? ನೀವು ಎಂ.ಎಸ್ಸಿ. ಮಾಡಿದ್ದು ಇದಕ್ಕೇನಾ?"

"ಐವತ್ತು ನಿಮಿಷ ಮಾರ್ಜಿನ್ ಇದೆ ಕಣೇ."

"ರೀ, ನಾಳೆ ಬೆಳಿಗ್ಗೆ ಅವರು ಧರ್ಮಸ್ಥಳಕ್ಕೆ ಹೊರಡ್ತಾರೆ. ನಾಡಿದ್ದು ಅಮಾವಾಸ್ಯೆ. ಆಚೆ ದಿನದಿಂದ ಆಷಾಢ. ಆಷಾಢದಲ್ಲಿ ಅವರು ಕೊರಿಯರ್ ಬಂದ್ರೂ ಸೈನ್ ಹಾಕಲ್ಲ. ತಿಂಗಳ ಕೊನೆಗೆ ನಮ್ಮ ಹಳೇ ಅಗ್ರಿಮೆಂಟು ಮುಗಿಯುತ್ತೆ. ಅವರ ತಂಗಿ ಮಗಳು ಚೈತ್ರ ಎರಡು ಸಲ ಬಂದು ನಮ್ಮ ಅಡುಗೆಮನೆ ಕಿಟಕಿಗೆ ಪರದೆ ಅಳತೆ ತಗೊಂಡು ಹೋಗಿದ್ದಾಳೆ. ನಾನು ಕಾಫಿ ಬೇರೆ ಕೊಟ್ಟಿದ್ದೀನಿ!"

ಕಿಟ್ಟಿಗೆ ಆಗ ವಿಷಯದ ತೂಕ ತಿಳಿಯಿತು. ಹನ್ನೊಂದು ವರ್ಷದಿಂದ ಇದ್ದ ಮನೆ. ಮಗಳು ಮೈತ್ರೇಯಿ ಸೆಕೆಂಡ್ ಪಿಯುಸಿ, ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಬೇಸಿಗೆಯಲ್ಲೂ ಬತ್ತದ ಬೋರ್‌ವೆಲ್. ಇಂಥ ಮನೆಯನ್ನು ಬೆಂಗಳೂರಿನಲ್ಲಿ ಎರಡನೇ ಸಲ ಹುಡುಕುವುದು ಆಗದ ಹೋಗದ ಮಾತು.

"ಮತ್ತೆ ಅವರು ಗೆಲ್ಲಬೇಕು," ಎಂದು ಪಂಕಜಾ ಸೌಟಿನಿಂದ ಅವನತ್ತ ತೋರಿಸಿದಳು. "ಹೋದ ವರ್ಷ ಗಣೇಶನ ಹಬ್ಬದಲ್ಲಿ ಕೇರಂ ಸೋತಾಗ ಏನಾಯ್ತು ನೆನಪಿದೆಯಾ? ಎರಡು ದಿನ ಅವರ ನಾಲ್ಕೂ ಬಾಡಿಗೆ ಮನೆಗೆ ನೀರಿಲ್ಲ. ಮೋಟರ್ ಕೆಟ್ಟಿದೆ ಅಂದ್ರು. ಮೂರನೇ ದಿನ ಇನ್ನೊಂದ್ ಆಟ ಗೆದ್ರು, ಮೋಟರ್ ತಾನಾಗೇ ಸರಿಹೋಯ್ತು."

ಹೀಗೆ ಕಿಟ್ಟಿಯ ಮುಂದೆ ಎರಡು ಷರತ್ತುಗಳು ನಿಂತವು. ಚಿಕ್ಕಬೈರಪ್ಪ ಗೆಲ್ಲಬೇಕು, ಮತ್ತು ನಾಲ್ಕೂವರೆಯೊಳಗೆ ಗೆಲ್ಲಬೇಕು. ಈ ಎರಡರಲ್ಲಿ ಒಂದೂ ಅಂಪೈರನ ಕೈಯಲ್ಲಿ ಇರುವಂಥದ್ದಲ್ಲ, ಇರಲೂ ಬಾರದು. ಪ್ರಯೋಗಾಲಯದಲ್ಲಿ ಒಂದು ದಶಾಂಶವನ್ನೂ ತಿದ್ದದ ತಾನು ಇಲ್ಲಿ ಏನು ಮಾಡಬಲ್ಲೆ ಎಂದು ಯೋಚಿಸುತ್ತ ಅವನು ಉಪ್ಪಿಟ್ಟಿಗೆ ಸಕ್ಕರೆಯ ಬದಲು ಉಪ್ಪನ್ನೇ ಉದುರಿಸಿಕೊಂಡು ತಿಂದ.

ಎರಡು ಗಂಟೆಯ ಹೊತ್ತಿಗೆ ಅಂಗಳದ ಸುತ್ತ ಅರ್ಧ ಬಡಾವಣೆ ನೆರೆದಿತ್ತು. ಮಣ್ಣಿನ ಅಂಗಳ, ಸುಣ್ಣದ ಗೆರೆಗಳು. ಅಂಪೈರಿಗೆ ಎತ್ತರದ ಆಸನ ಬೇಕೆಂದು ಸಂಘದ ಕಾರ್ಯದರ್ಶಿ ರಾಮಯ್ಯ ಊಟದ ಟೇಬಲ್ಲಿನ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದ. ಕಿಟ್ಟಿ ಅದರ ಮೇಲೆ, ಪಲ್ಲಕ್ಕಿಯಲ್ಲಿ ಕೂರಿಸಿದ ಉತ್ಸವಮೂರ್ತಿಯಂತೆ, ಅಲುಗಾಡಿದರೆ ಬೀಳುತ್ತೇನೆಂಬ ಭಯದಲ್ಲಿ ಕೂತ. ಸ್ಟಾಂಪ್ ಪೇಪರನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಒಂದು ಬರೆಯದಿದ್ದರೆ ಇನ್ನೊಂದಿರಲಿ ಎಂದು ಎರಡು ಪೆನ್ನು ಹಿಡಿದು ಪಂಕಜಾ ಮೊದಲ ಸಾಲಿನಲ್ಲೇ ಕೂತಿದ್ದಳು.

ಎದುರಾಳಿ ಸಿದ್ದಾರೂಢ ಮೇಷ್ಟ್ರು. ಜಯನಗರದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಕಡ್ಡಿಯಂಥ ಮೈ, ಬೂದಿ ಬಣ್ಣದ ಟೋಪಿ. ಮೂಲ ಧಾರವಾಡದ ಕಡೆಯವರು. ಚಿಕ್ಕಬೈರಪ್ಪನವರೋ, ಈ ಬಡಾವಣೆ ಏಳುವ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೆದ ಮನೆತನದವರು. ಎರಡು ವರ್ಷದ ಹಿಂದೆ ಡಾಕ್ಟರು ವಾಕಿಂಗ್ ಮಾಡಿ ಎಂದಾಗ, ಗುರಿಯಿಲ್ಲದೆ ನಡೆಯುವುದು ದನ ತಪ್ಪಿಸಿಕೊಂಡವರ ಕೆಲಸ ಎಂದು ಬೇಸತ್ತು ಟೆನಿಸ್ ಹಿಡಿದಿದ್ದರು. ಎಳನೀರು ಕೆತ್ತುವ ಹಾಗೆ ಸರ್ವ್ ಮಾಡುತ್ತಿದ್ದರು. ಅದು ಒಳಗೆ ಬಿದ್ದರೆ ಎದುರಿಗಿದ್ದವರು ದೇವರನ್ನು ನೆನೆಯಬೇಕು.

ಮೊದಲ ಸೆಟ್ಟಿನಲ್ಲಿ ಎಲ್ಲವೂ ಒಳಗೇ ಬಿದ್ದವು.

"ಹದಿನೈದು–ಸೊನ್ನೆ," ಎಂದು ಕಿಟ್ಟಿ ಕೂಗಿದ. "ಮೂವತ್ತು–ಸೊನ್ನೆ. ನಲವತ್ತು–ಸೊನ್ನೆ."

"ಏ ಕಿಟ್ಟಿಯಪ್ಪಾ," ಎಂದು ಚಿಕ್ಕಬೈರಪ್ಪನವರ ಪತ್ನಿ ನಾರಾಯಣಮ್ಮ ಕೆಳಗಿನಿಂದ ಕೂಗಿ ಕೇಳಿದರು. "ಹದಿನೈದು ಆಯ್ತು, ಮೂವತ್ತು ಆಯ್ತು, ಆಮೇಕೆ ನಲವತ್ತೈದು ತಾನೆ? ಐದೆಲ್ಲಿ ಹೋಯ್ತು?"

"ಅದು ಹಳೇ ಕಾಲದಿಂದ ಹಾಗೇ ಅಮ್ಮ. ಮೊದಲನೇ ಪಾಯಿಂಟಿಗೆ ಹದಿನೈದು, ಎರಡನೇದಕ್ಕೆ ಮೂವತ್ತು, ಮೂರನೇದಕ್ಕೆ ನಲವತ್ತು. ನಾಲ್ಕನೇದು ಗೆದ್ರೆ ಗೇಮು."

"ನಮ್ಮೋರು ಕಷ್ಟಪಟ್ಟು ಓಡಾಡಿ ದುಡಿದಿರೋದು. ಮಧ್ಯ ಐದು ಹೊಡ್ಕೊಳ್ಳೋರು ಯಾರು? ಸಂಘದೋರಾ?"

ರಾಮಯ್ಯ ಮೈಕಿನಲ್ಲೇ ಆಣೆ ಮಾಡಿ, ಸಂಘ ಯಾವ ಐದನ್ನೂ ಮುಟ್ಟಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಎರಡೂ ಇಪ್ಪತ್ತೆಂಟಕ್ಕೆ ಮೊದಲ ಸೆಟ್ಟು ಮುಗಿಯಿತು. ಸೆಟ್ಟಿಗೆ ಬೇಕಾದ ಆರು ಗೇಮು ಚಿಕ್ಕಬೈರಪ್ಪನವರಿಗೆ, ಒಂದೇ ಒಂದು ಮೇಷ್ಟ್ರಿಗೆ. ಕಿಟ್ಟಿ ಮನಸ್ಸಿನಲ್ಲೇ ಲೆಕ್ಕ ತಿದ್ದಿದ. ಇದೇ ವೇಗವಾದರೆ ಮೂರಕ್ಕೆಲ್ಲ ಮುಗಿದು, ಮೂರೂ ಐದಕ್ಕೆ ಸೈನು. ಅವನು ಪಂಕಜಾಳತ್ತ ನೋಡಿ ಹುಬ್ಬು ಹಾರಿಸಿದ. ಅವಳು ಕವರಿನಿಂದ ಸ್ಟಾಂಪ್ ಪೇಪರನ್ನು ಅರ್ಧ ಹೊರಗೆ ಎಳೆದಿಟ್ಟಳು.

ಎರಡನೇ ಸೆಟ್ಟಿಗೆ ಮೇಷ್ಟ್ರು ಟೋಪಿ ತಿರುಗಿಸಿ ಹಾಕಿಕೊಂಡರು. ಬಲದಿಂದ ಗೆಲ್ಲಲು ಆಗದೆಂಬುದು ಅವರಿಗೆ ಸಾಬೀತಾಗಿತ್ತು. ಸಾಬೀತಾದದ್ದನ್ನು ಗಣಿತದ ಮೇಷ್ಟ್ರು ಮತ್ತೆ ಪ್ರಶ್ನಿಸುವುದಿಲ್ಲ. ಅವರು ಪ್ರತಿಯೊಂದು ಚೆಂಡನ್ನೂ ಆಕಾಶಕ್ಕೆ ಎತ್ತತೊಡಗಿದರು. ಚೆಂಡು ಬೇವಿನ ಮರದ ತುದಿ ದಾಟಿ, ಕಾಗೆಗಳನ್ನು ವಿಚಾರಿಸಿಕೊಂಡು, ಕೆಲಸವಿಲ್ಲದ ನೆಂಟನ ಹಾಗೆ ನಿಧಾನವಾಗಿ ಇಳಿದು ಬರುತ್ತಿತ್ತು. ಚಿಕ್ಕಬೈರಪ್ಪ ಬಾರಿಸುತ್ತಿದ್ದರು. ಅದು ಮತ್ತೆ ಮೇಲೆ ಹೋಗುತ್ತಿತ್ತು. ನಲವತ್ತು ಸೆಕೆಂಡಿನ ಸರಾಸರಿಯಲ್ಲಿ ಮೂವತ್ತು ಸೆಕೆಂಡು ಚೆಂಡು ಗಾಳಿಯಲ್ಲೇ ಇರುತ್ತದೆಂಬುದನ್ನು ಕಿಟ್ಟಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಐದನೇ ಗೇಮಿನಲ್ಲಿ ಇಬ್ಬರೂ ನಲವತ್ತಕ್ಕೆ ಬಂದರು.

"ಡ್ಯೂಸ್," ಎಂದ ಕಿಟ್ಟಿ. "ಇನ್ನು ಯಾರು ಸತತ ಎರಡು ಪಾಯಿಂಟ್ ಗೆಲ್ತಾರೋ ಅವರದ್ದು ಗೇಮು."

ಚಿಕ್ಕಬೈರಪ್ಪ ಒಂದು ಗೆದ್ದರು. ಮೇಷ್ಟ್ರು ಒಂದು ಗೆದ್ದರು. ಮತ್ತೆ ಡ್ಯೂಸ್. ಮೇಷ್ಟ್ರು ಒಂದು, ಚಿಕ್ಕಬೈರಪ್ಪ ಒಂದು. ಡ್ಯೂಸ್. ಒಂಬತ್ತನೇ ಡ್ಯೂಸ್ ಹೊತ್ತಿಗೆ ನಾರಾಯಣಮ್ಮ ಎದ್ದು ನಿಂತರು.

"ನಲವತ್ತು ನಲವತ್ತು ಸಮ ಬಂದೈತಲ್ಲಪ್ಪ. ಅಣ್ಣತಮ್ಮಂದಿರಿಗೆ ಜಮೀನು ಹಂಚಿದಂಗೆ ಅರ್ಧ ಅರ್ಧ ಹಂಚಿ ಎಬ್ಬಿಸಬಾರದಾ?"

"ಟೆನಿಸ್‌ನಲ್ಲಿ ಹಂಚೋಕಾಗಲ್ಲ ಅಮ್ಮ."

"ಅದಕ್ಕೇ ಮುಗೀತಿಲ್ಲ," ಎಂದು ಅವರು ತೀರ್ಪು ಕೊಟ್ಟು ಕೂತರು. ಕಿಟ್ಟಿಗೆ ಆ ಕ್ಷಣ ಅದಕ್ಕಿಂತ ವೈಜ್ಞಾನಿಕವಾದ ವಿವರಣೆ ಹೊಳೆಯಲಿಲ್ಲ.

ಅಲ್ಲಿಂದಾಚೆ ಕಾಲವೆಂಬುದು ತೂತು ಬಿದ್ದ ಹಾಲಿನ ಪ್ಯಾಕೆಟ್ಟಿನಂತೆ ಸೋರಿತು. ಬೆಸಸಂಖ್ಯೆಯ ಗೇಮುಗಳಾದ ಮೇಲೆ ಆಟಗಾರರು ಅಂಗಳದ ಪಕ್ಕ ಬದಲಿಸಬೇಕು ಎಂದಾಗ ಚಿಕ್ಕಬೈರಪ್ಪ, "ಈ ಕಡೆ ನಂಗೆ ಆಗಿಬಂದೈತೆ. ಸುಮ್ನೆ ಯಾಕೆ ಅಲುಗಾಡ್ಸೋದು?" ಎಂದು ಕೂತುಬಿಟ್ಟರು. ಅವರನ್ನು ಎಬ್ಬಿಸುವುದರಲ್ಲಿ ನಾಲ್ಕು ನಿಮಿಷ. ಪಕ್ಕ ಬದಲಿಸುವ ತೊಂಬತ್ತು ಸೆಕೆಂಡಿನ ವಿರಾಮದಲ್ಲಿ ನಾರಾಯಣಮ್ಮ ತಟ್ಟೆಯಲ್ಲಿ ಬೋಂಡ ಹಿಡಿದು ಅಂಗಳಕ್ಕೇ ಇಳಿದರು.

"ಟೈಮ್!" ಎಂದು ಕಿಟ್ಟಿ ಕೂಗಿದ.

"ಟೈಮ್ ಅಲ್ವಾ ಮತ್ತೆ? ಮೂರು ಗಂಟೆ, ಬೋಂಡ ಟೈಮು. ಮೇಷ್ಟ್ರೇ, ನೀವೂ ತಗೊಳ್ಳಿ. ಬಿಸಿ ಐತೆ."

ಮೇಷ್ಟ್ರು ಒಂದು ಬೋಂಡವನ್ನು ಪ್ರಮೇಯ ಬಿಡಿಸಿದಷ್ಟು ನಿಧಾನವಾಗಿ ಬಿಡಿಸಿ ತಿಂದರು. "ಭಾಳ ಛಲೋ ಆಗ್ಯಾವ್ರೀ," ಎಂದು ಇನ್ನೊಂದು ತೆಗೆದುಕೊಂಡರು. ಅಷ್ಟರಲ್ಲಿ ಒಂದು ಚೆಂಡು ಮೋರಿಗೆ ಬಿತ್ತು. ಇನ್ನೊಂದನ್ನು ಬೀದಿನಾಯಿ ಕಚ್ಚಿಕೊಂಡು ಹೋಗಿ ಗೇಟಿನಾಚೆ ಮಲಗಿತು. ಕಾರ್ಯದರ್ಶಿಯಾದವನ ಕರ್ತವ್ಯವೆಂದು ರಾಮಯ್ಯ ನಾಯಿಯ ಜೊತೆ ಮಾತುಕತೆಗೆ ಹೋದ. ಒಂದು ಬೋಂಡಕ್ಕೆ ಒಪ್ಪಂದವಾಯಿತು.

ಗೇಮುಗಳು ಆರು–ಆರು ಸಮವಾದವು. ಹಾಗಾದಾಗ ಟೈಬ್ರೇಕ್, ಏಳು ಪಾಯಿಂಟು ಮೊದಲು ಗಳಿಸಿದವರಿಗೆ ಸೆಟ್ಟು, ಅಂತರ ಮಾತ್ರ ಎರಡು ಇರಬೇಕು. ಅದನ್ನು ಮೇಷ್ಟ್ರು ಗೆದ್ದರು. ಇಬ್ಬರಿಗೂ ಒಂದೊಂದು ಸೆಟ್ಟು. ಕಿಟ್ಟಿ ಕೈಗಡಿಯಾರ ನೋಡಿಕೊಂಡ: ಮೂರೂ ಐವತ್ತೆರಡು.

ಸರಿಯಾಗಿ ಆಗಲೇ ಮೈಕಿನಲ್ಲಿ ರಾಮಯ್ಯನ ಧ್ವನಿ ಮೊಳಗಿತು.

"ಮಹನೀಯರೇ, ಮಹಿಳೆಯರೇ! ಪಂದ್ಯ ಮುಗಿದಿದೆ! ನಾನು ಮೊದಲಿಂದ ಪುಸ್ತಕದಲ್ಲಿ ಒಂದೊಂದು ಪಾಯಿಂಟೂ ಬರ್ಕೊಂಡಿದ್ದೀನಿ. ಚಿಕ್ಕಬೈರಪ್ಪನೋರು ಎಪ್ಪತ್ತನಾಲ್ಕು! ಮೇಷ್ಟ್ರು ಅರವತ್ತೊಂದು! ಹದಿಮೂರು ರನ್ನಿಂದ ನಮ್ಮ ಚಿಕ್ಕಬೈರಪ್ಪನೋರು ಗೆದ್ದಿದ್ದಾರೆ!"

ಚಪ್ಪಾಳೆ ಬಿದ್ದಿತು. ಯಾರೋ ಹಾರ ತಂದು ಚಿಕ್ಕಬೈರಪ್ಪನವರ ಕೊರಳಿಗೆ ಹಾಕಿಯೇಬಿಟ್ಟರು. ಮೇಷ್ಟ್ರು ನೀರು ಕುಡಿಯಲು ಅಂಗಳದ ಆಚೆ ತುದಿಗೆ ಹೋಗಿದ್ದರು. ಪಂಕಜಾ ಆಗಲೇ ಎದ್ದು, ಪೆನ್ನಿನ ಮುಚ್ಚಳ ತೆಗೆದು ನಡೆದು ಬರುತ್ತಿದ್ದಳು.

ಸುಮ್ಮನಿದ್ದಿದ್ದರೆ ಸಾಕಿತ್ತು. ತುಟಿ ಹೊಲಿದುಕೊಂಡು ಕೂತಿದ್ದರೆ, ಮೂವತ್ತೆಂಟು ನಿಮಿಷ ಉಳಿಸಿಕೊಂಡು ಎರಡೂ ಷರತ್ತು ಪೂರೈಸಿದಂತಾಗುತ್ತಿತ್ತು. ಆದರೆ ತಪ್ಪು ಲೆಕ್ಕ ಕಿವಿಗೆ ಬಿದ್ದರೆ ಕಿಟ್ಟಿಗೆ ನೊಣ ಮೂಗಿನ ಮೇಲೆ ಕೂತ ಹಾಗೆ.

"ತಪ್ಪು! ತಪ್ಪು ರಾಮಯ್ಯನವರೇ!" ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. "ಟೆನಿಸ್‌ನಲ್ಲಿ ಒಟ್ಟು ಪಾಯಿಂಟು ಲೆಕ್ಕಕ್ಕಿಲ್ಲ! ಸೆಟ್ಟು ಒಂದೊಂದು ಆಗಿದೆ. ಮ್ಯಾಚು ಮುಗಿದಿಲ್ಲ!"

ಪಂಕಜಾ ನಿಂತಲ್ಲೇ ನಿಂತಳು. ಹಾರ ಹಾಕಿಕೊಂಡ ಚಿಕ್ಕಬೈರಪ್ಪ ಟೇಬಲ್ಲಿನ ಬುಡಕ್ಕೆ ಬಂದು ಅವನನ್ನು ಮೇಲಕ್ಕೆ ನೋಡಿದರು.

"ಏನ್ ಸಾಮಿ ಇದು? ನಂದು ಎಪ್ಪತ್ತನಾಲ್ಕು, ಅವರದ್ದು ಅರವತ್ತೊಂದು. ಜಾಸ್ತಿ ಹೊಡೆದೋನು ನಾನು. ಗೆದ್ದಿಲ್ಲ ಅಂದ್ರೆ?"

ಕಿಟ್ಟಿ ಕುರ್ಚಿಯಿಂದ ಬಗ್ಗಿದ. "ಸಾರ್, ಕಾರ್ಪೊರೇಷನ್ ಎಲೆಕ್ಷನ್ ಇದೆಯಲ್ಲ, ಹಾಗೇ ಇದು. ಒಂದು ವಾರ್ಡಲ್ಲಿ ಹತ್ತು ಸಾವಿರ ಲೀಡಲ್ಲಿ ಗೆದ್ರೂ ಸೀಟು ಒಂದೇ. ಪಕ್ಕದ ವಾರ್ಡಲ್ಲಿ ಐವತ್ತು ಓಟಲ್ಲಿ ಸೋತ್ರೆ ಅಲ್ಲಿ ಸೀಟು ಹೋಯ್ತು. ಮಿಕ್ಕಿದ ಲೀಡನ್ನ ಅಲ್ಲಿಂದ ಇಲ್ಲಿಗೆ ತರೋಕಾಗಲ್ಲ. ಮೊದಲನೇ ಸೆಟ್ಟು ನೀವು ಭರ್ಜರಿಯಾಗಿ ಗೆದ್ರಿ, ಎರಡನೇದು ಕೂದಲೆಳೆಯಲ್ಲಿ ಹೋಯ್ತು. ಆದ್ರೂ ಒಂದು, ಒಂದು."

ಟೆನಿಸ್ ತಿಳಿಯದಿದ್ದರೂ ವಾರ್ಡು ತಿಳಿದ ಮನುಷ್ಯ ಅವರು. ಮುಖ ಕಪ್ಪಗಾಯಿತು, ಆದರೆ ವಾದ ಅರ್ಥವಾಯಿತು. "ಆಯ್ತು, ಆಡನ. ಆದ್ರೆ ನಾಲ್ಕೂವರೆ ಮ್ಯಾಲೆ ನಾನು ಬ್ಯಾಟೂ ಮುಟ್ಟಲ್ಲ, ಪೆನ್ನೂ ಮುಟ್ಟಲ್ಲ. ಹೇಳಿದೀನಿ," ಎಂದು ಹಾರ ತೆಗೆದು ನೆಟ್ಟಿನ ಕಂಬಕ್ಕೆ ನೇತುಹಾಕಿದರು.

ಪಂಕಜಾ ಟೇಬಲ್ಲಿನ ಹತ್ತಿರ ಬಂದು ಪಿಸುಗುಟ್ಟಿದಳು. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಲೆಕ್ಕ ತಪ್ಪಿತ್ತು ಕಣೇ."

"ಚೈತ್ರಂಗೆ ಪರದೆ ಬಟ್ಟೆ ನಾನೇ ಆರಿಸಿ ಕೊಡ್ತೀನಿ, ಬಿಡಿ."

ಪೂರ್ತಿ ಮೂರನೇ ಸೆಟ್ಟು ಆಡಿಸಿದರೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಕಿಟ್ಟಿಯ ನೆರವಿಗೆ ನಿಯಮಪುಸ್ತಕ ಬಂತು. ಕೊನೆಯ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಒಂದೇ ಟೈಬ್ರೇಕ್ ಆಡಿಸಲು ಅವಕಾಶವಿತ್ತು. ಮೇಷ್ಟ್ರು, "ನನಗೇನ್ ಅಭ್ಯಂತರ ಇಲ್ಲರಿ," ಎಂದರು. ಚಿಕ್ಕಬೈರಪ್ಪ ಅನುಮಾನದಿಂದ, "ಹತ್ತಕ್ಕೆ ಮುಗೀತದೆ ತಾನೆ?" ಎಂದು ಕೇಳಿದರು.

"ಎರಡರ ಅಂತರ ಇದ್ರೆ ಮುಗಿಯುತ್ತೆ ಸಾರ್."

"ಇಲ್ದಿದ್ರೆ?"

"ಪ್ಲೇ!" ಎಂದ ಕಿಟ್ಟಿ.

ಎರಡರ ಅಂತರ ಬರಲಿಲ್ಲ. ಒಂಬತ್ತು–ಒಂಬತ್ತಾಯಿತು, ಹತ್ತು–ಹತ್ತಾಯಿತು. ಮೇಷ್ಟ್ರ ಚೆಂಡು ಮೇಲಕ್ಕೆ ಹೋದಾಗಲೆಲ್ಲ ಜನ ಕತ್ತೆತ್ತಿ ನೋಡುತ್ತಿದ್ದರು. ಕಿಟ್ಟಿಯೊಬ್ಬನೇ ತಲೆ ಬಗ್ಗಿಸಿ ಗಡಿಯಾರ ನೋಡುತ್ತಿದ್ದ. ನಾಲ್ಕೂ ಹನ್ನೆರಡು, ಹನ್ನೊಂದು–ಹನ್ನೊಂದು. ನಾಲ್ಕೂ ಹದಿನೇಳು, ಹನ್ನೆರಡು–ಹನ್ನೆರಡು. ಈ ಆಟವನ್ನು ಕಂಡುಹಿಡಿದವನಿಗೆ ಬಾಡಿಗೆ ಮನೆ ಇರಲಿಲ್ಲ, ಪಕ್ಕಾ ಸ್ವಂತ ಮನೆಯಿದ್ದವನೇ ಎಂದು ಕಿಟ್ಟಿಗೆ ಖಾತ್ರಿಯಾಯಿತು.

ನಾಲ್ಕೂ ಇಪ್ಪತ್ತೆರಡಕ್ಕೆ ಚಿಕ್ಕಬೈರಪ್ಪ ಹದಿನಾಲ್ಕು, ಮೇಷ್ಟ್ರು ಹದಿಮೂರು. ಇನ್ನೊಂದು ಪಾಯಿಂಟು ಚಿಕ್ಕಬೈರಪ್ಪನವರಿಗೆ ಬಂದರೆ ಮುಗಿಯಿತು.

ಚಿಕ್ಕಬೈರಪ್ಪ ಎಳನೀರು ಕೆತ್ತಿದರು. ಮೇಷ್ಟ್ರು ಹೇಗೋ ಬ್ಯಾಟು ತಾಗಿಸಿದರು. ಚೆಂಡು ಮೇಲೆದ್ದಿತು, ಬೇವಿನ ಮರ ದಾಟಿತು, ಎರಡನೇ ಮಹಡಿಯ ಬಟ್ಟೆ ತಂತಿಯನ್ನೂ ದಾಟಿತು. ಹೊರಗೆ ಹೋಗುತ್ತದೆಂದು ಚಿಕ್ಕಬೈರಪ್ಪ ಬ್ಯಾಟು ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ಚೆಂಡು ಇಳಿಯಿತು. ಅವರ ಬೆನ್ನ ಹಿಂದೆ, ಸರಿಯಾಗಿ ಗೆರೆಯ ಮೇಲೆ ಬಿದ್ದಿತು. ಸುಣ್ಣ ಒಂದು ಚಿಟಿಕೆ ಹಿಟ್ಟಿನಂತೆ ಮೇಲೆದ್ದು ಗಾಳಿಯಲ್ಲಿ ಕರಗಿತು.

ಗೆರೆ ಮುಟ್ಟಿದರೆ ಒಳಗೆ. ಇದು ನಿಯಮಪುಸ್ತಕದ ಮೊದಲ ಪುಟಗಳಲ್ಲೇ ಇರುವ ಮಾತು.

ಇಡೀ ಬಡಾವಣೆ ಕಿಟ್ಟಿಯತ್ತ ತಿರುಗಿತು. ಮೇಲಿನಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು: ಗೆರೆಯ ಮೇಲೆ ಚೆಂಡು ಒತ್ತಿದ ಗುರುತು, ಕಂಬದ ಮೇಲಿನ ಹಾರ, ಪಂಕಜಾಳ ಕೈಯಲ್ಲಿನ ಎರಡು ಪೆನ್ನು. ಒಳಗೆ ಎಂದರೆ ಹದಿನಾಲ್ಕು–ಹದಿನಾಲ್ಕು. ಆಮೇಲೆ ಹದಿನೈದು–ಹದಿನೈದು. ಆಮೇಲೆ ರಾಹುಕಾಲ, ಧರ್ಮಸ್ಥಳ, ಅಮಾವಾಸ್ಯೆ, ಆಷಾಢ, ಚೈತ್ರಳ ಪರದೆ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಮಿಲಿಗ್ರಾಮನ್ನೂ ಆಚೀಚೆ ಮಾಡದ ಕಿಟ್ಟಿ ಬಾಯಿ ತೆರೆದ.

"ಔಟ್," ಎಂದ.

ಜನ ಅಂಗಳಕ್ಕೆ ನುಗ್ಗಿದರು. ಅವರ ಕಾಲ್ತುಳಿತಕ್ಕೆ ಸಿಕ್ಕಿ ಗೆರೆಯ ಮೇಲಿನ ಗುರುತು ಎರಡೇ ಕ್ಷಣದಲ್ಲಿ ಮಾಯವಾಯಿತು. ಸಿದ್ದಾರೂಢ ಮೇಷ್ಟ್ರು ಒಂದು ಗಳಿಗೆ ಗೆರೆಯನ್ನೂ ಒಂದು ಗಳಿಗೆ ಕಿಟ್ಟಿಯನ್ನೂ ನೋಡಿ, ನೆಟ್ಟಿನ ಬಳಿ ಬಂದು ಚಿಕ್ಕಬೈರಪ್ಪನವರ ಕೈ ಕುಲುಕಿದರು. ಹಾರ ಮತ್ತೆ ಕೊರಳಿಗೆ ಏರಿತು. ರಾಮಯ್ಯ ಮೈಕಿನಲ್ಲಿ ಏನು ಹೇಳುತ್ತಿದ್ದನೋ ಶಿಳ್ಳೆಗಳ ನಡುವೆ ಯಾರಿಗೂ ಕೇಳಿಸಲಿಲ್ಲ.

ಕಿಟ್ಟಿ ಟೇಬಲ್ಲಿನಿಂದ ಇಳಿದ. ಪಂಕಜಾ ಅವನ ತೋಳು ಹಿಡಿದು, ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. "ಪರವಾಗಿಲ್ಲ ರೀ ನೀವು. ನಾಲ್ಕೂ ಇಪ್ಪತ್ತನಾಲ್ಕು. ಬನ್ನಿ ಬನ್ನಿ, ಬೇಗ."

ಇಬ್ಬರೂ ಜನರನ್ನು ಸರಿಸಿಕೊಂಡು ಹೋಗಿ ಚಿಕ್ಕಬೈರಪ್ಪನವರ ಮುಂದೆ ನಿಂತರು. ಪಂಕಜಾ ಕವರನ್ನೂ ಪೆನ್ನನ್ನೂ ಮುಂದೆ ಚಾಚಿದಳು. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಕವರನ್ನು ನಾರಾಯಣಮ್ಮನ ಕೈಗೆ ಕೊಟ್ಟು, ರಾಮಯ್ಯನ ಕೈಯಿಂದ ಮೈಕು ಕಿತ್ತುಕೊಂಡರು.

"ಒಂದು ನಿಮಿಷ ಎಲ್ಲ ಕೇಳಿ. ಒಳ್ಳೇ ಮಾತು ರಾಹುಕಾಲಕ್ಕೆ ಮುಂಚೆ ಆಡಿಬಿಡ್ಬೇಕು. ನಿನ್ನೆ ಮುನೇಶ್ವರನ ಗುಡಿಯಾಗೆ ಒಂದು ಹರಕೆ ಹೊತ್ತಿದ್ದೆ. ಸೋತ್ರೆ ಈ ಬ್ಯಾಟು ಅಟ್ಟಕ್ಕೆ ಎಸೆದು ಇನ್ ಮುಟ್ಟಲ್ಲ ಅಂತ. ಗೆದ್ರೆ ನನ್ನ ಸ್ವಂತ ಜಾಗದಾಗೆ ಒಂದು ಟೆನ್ನಿಸ್ ಕೋರ್ಟು ಕಟ್ಟಿಸ್ತೀನಿ ಅಂತ. ಗೆದ್ದಿದೀನಿ! ಇಡೀ ಬಡಾವಣೆಗೆ ಫ್ರೀ!"

ಚಪ್ಪಾಳೆಯೋ ಚಪ್ಪಾಳೆ. ಕಿಟ್ಟಿಯೂ ತಟ್ಟಿದ. ಚಿಕ್ಕಬೈರಪ್ಪ ಮೈಕು ಇಳಿಸಿ, ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ಕಿಟ್ಟಿಯವ್ರೇ, ನಿಮ್ಗೆ ಮೊದ್ಲು ಹೇಳ್ಬೇಕು. ನೀವಿರೋ ಮನೆ ಹಿಂದುಗಡೆ ಖಾಲಿ ಸೈಟು ಮೊನ್ನೆ ನನ್ನ ಹೆಸರಿಗೆ ರಿಜಿಸ್ಟ್ರೇಷನ್ ಆಯ್ತು. ನಿಮ್ಮನೆ ಸೈಟು ಅರವತ್ತು ನಲವತ್ತು, ಅದೂ ಅರವತ್ತು ನಲವತ್ತು. ಮನೆ ಕೆಡವಿ ಎರಡೂ ಸೇರಿಸಿದ್ರೆ ಉದ್ದ ನೂರಿಪ್ಪತ್ತಡಿ, ಅಗಲ ನಲವತ್ತು. ನೀವು ಲೆಕ್ಕದವ್ರು, ಸುಳ್ಳು ಹೇಳೋರಲ್ಲ. ಕೋರ್ಟು ಹಿಡೀತದಾ, ಇಲ್ವಾ? ಹಿಡಿಯಲ್ಲ ಅಂದ್ರೆ ಈ ಮಾತು ಇಲ್ಲೇ ಬಿಟ್ಟುಬಿಡ್ತೀನಿ, ಅಗ್ರಿಮೆಂಟಿಗೆ ಈಗಲೇ ಸೈನ್ ಹಾಕ್ತೀನಿ."

ಕಿಟ್ಟಿ ಬೇಡವೆಂದರೂ ತಲೆಯೊಳಗೆ ಲೆಕ್ಕ ತಾನಾಗಿ ಓಡಿತು. ಅಂಗಳದ ಉದ್ದ ಎಪ್ಪತ್ತೆಂಟಡಿ. ಹಿಂದೆ ಮುಂದೆ ಓಡಾಡಲು ಇಪ್ಪತ್ತೊಂದು ಇಪ್ಪತ್ತೊಂದು. ನೂರಿಪ್ಪತ್ತು. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆಯಿಲ್ಲ. ಆ ಎರಡು ಸೈಟುಗಳನ್ನು ಟೆನಿಸ್ ಅಂಗಳಕ್ಕೆಂದೇ ಅಳೆದು ಬಿಟ್ಟಿದ್ದಂತಿತ್ತು. ಆದರೆ ಅಗಲ! ಒಬ್ಬೊಬ್ಬರೇ ಆಡುವ ಅಂಗಳಕ್ಕೂ ಇಪ್ಪತ್ತೇಳಡಿ ಬೇಕು. ಎರಡೂ ಪಕ್ಕಕ್ಕೆ ಹನ್ನೆರಡು ಹನ್ನೆರಡಡಿ ಬಿಡಬೇಕು. ಕಿಟ್ಟಿಗೆ ಜೀವ ಬಂತು.

"ಹಿಡಿಯಲ್ಲ ಸಾರ್! ಉದ್ದ ಸರಿಹೋಗುತ್ತೆ, ಅಗಲ ಸಾಲಲ್ಲ. ಪಕ್ಕದಲ್ಲಿ ಹನ್ನೆರಡಡಿ ಬೇಕು, ಆರೂವರೆನೇ ಸಿಗೋದು. ಚೆಂಡು ಹಿಡಿಯೋಕೆ ಪಕ್ಕಕ್ಕೆ ಓಡಿದ್ರೆ ಕಾಂಪೌಂಡಿಗೆ ಹೊಡ್ಕೋತೀರಿ."

ಚಿಕ್ಕಬೈರಪ್ಪ ಹೊಟ್ಟೆ ಕುಣಿಯುವಂತೆ ನಕ್ಕರು.

"ನಾನು ಯಾವಾಗ ಪಕ್ಕಕ್ಕೆ ಓಡಿದೀನ್ರೀ? ಮೇಷ್ಟ್ರೂ ಮ್ಯಾಲಕ್ಕೆ ಹೊಡೀತಾರೆ, ಪಕ್ಕಕ್ಕಲ್ಲ. ಆರೂವರೆ ಅಡಿ ಸಾಕು, ಬೆಂಚು ಹಾಕಿದ್ರೂ ಜಾಗ ಮಿಗ್ತದೆ! ಉದ್ದ ಸರಿ ಅಂದ್ರಲ್ಲ, ಅಷ್ಟೇ ಬೇಕಾಗಿದ್ದು." ಮೈಕನ್ನು ಮತ್ತೆ ಬಾಯಿಗೆ ಹಿಡಿದರು. "ಕಿಟ್ಟಿಯವ್ರು ಅಳತೆ ನೋಡಿ ಓಕೆ ಮಾಡವ್ರೆ! ಆಷಾಢ ಕಳೀಲಿ. ಶ್ರಾವಣದ ಮೊದಲನೇ ಶುಕ್ರವಾರ ಗುದ್ದಲಿ ಪೂಜೆ. ಇವತ್ತು ಇಷ್ಟು ಧರ್ಮವಾಗಿ ಮ್ಯಾಚು ನಡೆಸಿಕೊಟ್ಟ ನಮ್ಮ ಅಂಪೈರು ಕಿಟ್ಟಿಯವ್ರೇ ಮೊದಲನೇ ಗುದ್ದಲಿ ಹಾಕ್ತಾರೆ!"

ನಾರಾಯಣಮ್ಮ ಕವರನ್ನು ಪಂಕಜಾಳ ಕೈಗೆ ಹಿಂದಿರುಗಿಸುತ್ತ, "ಬ್ಯಾಸರ ಮಾಡ್ಕೋಬ್ಯಾಡ ಕಣಮ್ಮ. ಚೈತ್ರಂಗೂ ಇಲ್ಲ ಅಂದ್ಬಿಟ್ವಿ," ಎಂದು ಸಮಾಧಾನ ಹೇಳಿದರು. ಪಂಕಜಾ ಗಂಡನನ್ನು ನೋಡಿದ ನೋಟಕ್ಕೆ ಯಾವ ಪುಸ್ತಕದಲ್ಲೂ ನಿಯಮವಿರಲಿಲ್ಲ.

ಜನ ಕರಗಿದರು. ಕಿಟ್ಟಿ ಪ್ಲಾಸ್ಟಿಕ್ ಕುರ್ಚಿಯನ್ನು ಟೇಬಲ್ಲಿನಿಂದ ಇಳಿಸುತ್ತಿದ್ದಾಗ ಸಿದ್ದಾರೂಢ ಮೇಷ್ಟ್ರು ಹತ್ತಿರ ಬಂದರು. ಟೋಪಿ ತೆಗೆದು, ತಮ್ಮ ಬೂಟಿನ ತುದಿಗೆ ಮೆತ್ತಿದ್ದ ಸುಣ್ಣವನ್ನು ಅದರಿಂದ ಮೆಲ್ಲಗೆ ಕೊಡವಿದರು.

"ಕೃಷ್ಣಮೂರ್ತಿಯವರ," ಎಂದರು ಬಹಳ ಮೃದುವಾಗಿ, "ಹೊಸಾ ಕೋರ್ಟಿನೊಳಗ ಗೆರಿ ಸ್ವಲ್ಪ ದಪ್ಪ ಹಾಕಿಸ್ರಿ. ಮ್ಯಾಲೆ ಕೂತವರಿಗೆ ಕಾಣ್ಸೂದಿಲ್ಲ."